ಕಲಬುರಗಿ ಕ್ರಿಸ್‌ಮಸ್‌ಗೆ ಟರ್ಕಿ ಕೋಳಿ ಯಾಕೆ ಬೇಕು?

ಡಿಸೆಂಬರ್ ಬಂತೆಂದರೆ ಮೊಬೈಲ್ ತುಂಬ ಹೊಂಬಣ್ಣಕ್ಕೆ ಬೆಂದ ಟರ್ಕಿ ಕೋಳಿಯ ಚಿತ್ರಗಳು. ಕಲಬುರಗಿ ನಗರದ ಅಂಚಿನ ತಾಜಸುಲ್ತಾನಪುರದಲ್ಲಿ ಅದನ್ನು ನೋಡಿ ಆಸೆಪಟ್ಟವರು ಕೋಳಿ ಅಂಗಡಿಗೆ ಹೋದರೆ ಬರಿಗೈಲಿ ಬರುವುದೇ ಹೆಚ್ಚು. ಎಲ್ಲಿಂದಲೋ ತರಿಸಿದರೂ ಐದಾರು ಕಿಲೊ ತೂಗುವ ಹಕ್ಕಿ ನಮ್ಮ ಮನೆಗಳ ಪುಟ್ಟ ಓವನ್‌ನಲ್ಲಿ ಹಿಡಿಸುವುದಿಲ್ಲ. ಹಿಡಿಸದಿದ್ದರೆ ಕಳಕೊಳ್ಳುವುದೂ ಅಂಥದ್ದೇನಿಲ್ಲ.

ಮೆಕ್ಸಿಕೊ ಮೂಲದ ಈ ಹಕ್ಕಿ ನಮ್ಮ ದೇಶಕ್ಕೆ ಹೊಸದಂತೂ ಅಲ್ಲ. 1612ರಲ್ಲಿ ಮುಕರ್ರಬ್ ಖಾನ್ ಗೋವೆಯಿಂದ ಒಂದನ್ನು ಜಹಾಂಗೀರ್ ಬಾದಶಹನ ಆಸ್ಥಾನಕ್ಕೆ ತಂದ. ಬಾದಶಹ ಅದರ ಬಣ್ಣ ಬದಲಿಸುವ ತಲೆ-ಕತ್ತನ್ನು ಬೆರಗಿನಿಂದ ನೋಡಿ ದಿನಚರಿಯಲ್ಲಿ ಬರೆದ. ಚಿತ್ರಕಾರ ಮನ್ಸೂರ್ ಬಿಡಿಸಿದ ಆ ಹಕ್ಕಿಯ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್‌ನಲ್ಲಿದೆ. ಇಂಗ್ಲೆಂಡಿನಲ್ಲೂ ಟರ್ಕಿಗಿಂತ ಮುಂಚೆ ಹೆಬ್ಬಾತಿನದೇ ದರ್ಬಾರು. 1843ರಲ್ಲಿ ಡಿಕನ್ಸ್ ಬರೆದ ಕ್ರಿಸ್‌ಮಸ್ ಕಥೆಯಲ್ಲಿ ಬಡ ಕ್ರ್ಯಾಚಿಟ್ ಕುಟುಂಬ ತಿನ್ನುವುದು ಹೆಬ್ಬಾತನ್ನು. ಟರ್ಕಿ ಬರುವುದು ಮನಸ್ಸು ಬದಲಾದ ಸಾಹುಕಾರನ ದುಡ್ಡಿನಲ್ಲಿ. ಪೋಲೆಂಡಿನವರಿಗೆ ಹಬ್ಬವೆಂದರೆ ಕಾರ್ಪ್ ಮೀನು. ಜಪಾನಿನಲ್ಲಿ 1970ರ ದಶಕದಿಂದ ಕೆಎಫ್‌ಸಿಯ ಕರಿದ ಕೋಳಿ. ಅವರವರ ಊರಿನಲ್ಲಿ ಸಿಗುವುದೇ ಅವರವರ ಹಬ್ಬದೂಟ.

ಬೀದರ್-ಕಲಬುರಗಿ ಸೀಮೆಗೆ ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಬಂದರು, ಚರ್ಚು, ಶಾಲೆ, ಆಸ್ಪತ್ರೆ ಕಟ್ಟಿದರು. 2005ರಲ್ಲಿ ಕಲಬುರಗಿಗೆ ಪ್ರತ್ಯೇಕ ಕ್ಯಾಥೊಲಿಕ್ ಧರ್ಮಪ್ರಾಂತ್ಯವೂ ಆಯಿತು. ಆದರೆ ಟರ್ಕಿ ಕೋಳಿಯ ನಾಡಿನ ಮಿಷನರಿಗಳಿಂದಲೂ ಆ ಹಕ್ಕಿ ಇಲ್ಲಿನ ಬೋಗುಣಿಗೆ ಇಳಿಯಲಿಲ್ಲ. ನಮ್ಮಲ್ಲಿ ಮಟನ್ ಬಿರಿಯಾನಿ ಇದೆ, ಕಲಬುರಗಿಯ ಹೆಮ್ಮೆಯ ತಹರಿ ಇದೆ. ಹಬ್ಬದ ಪಾತ್ರೆಯಿಂದ ಬಂದವರಿಗೆಲ್ಲ ಬಡಿಸುವ ರೂಢಿ ನಮ್ಮದು. ಮೇಜಿನ ನಡುವೆ ಒಂದೇ ಹಕ್ಕಿ ಇಟ್ಟು ಚಾಕುವಿನಿಂದ ಹೋಳು ಮಾಡುವುದಲ್ಲ.

ಆದರೂ ಮಕ್ಕಳಿಗೆ ಇಡೀ ಹಕ್ಕಿಯೇ ಕಣ್ಣಿಗೆ ಬೀಳಬೇಕು ಅನ್ನುವವರಿಗೆ ಮುರ್ಗ್ ಮುಸಲ್ಲಮ್ ಇದೆ. ನಿಜಾಮರ ಸೀಮೆಯ ಅಡುಗೆಗೆ ಪಳಗಿದ ಊರಿಗೆ ಇದೇನು ಹೊರಗಿನದಲ್ಲ. ಒಂದೂವರೆ ಕಿಲೊ ಕೋಳಿಯನ್ನು ತುಂಡು ಮಾಡಿಸದೆ ತನ್ನಿ. ಎದೆಗೆ, ತೊಡೆಗೆ ಆಳವಾಗಿ ಗೀರು ಹಾಕಿ ಮೊಸರು, ಶುಂಠಿ-ಬೆಳ್ಳುಳ್ಳಿ, ಅರಿಶಿನ, ಖಾರದ ಪುಡಿ, ಉಪ್ಪು ಸವರಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಹೊಟ್ಟೆಯೊಳಗೆ ಬೇಯಿಸಿದ ಮೊಟ್ಟೆ, ಹುರಿದ ಉಳ್ಳಾಗಡ್ಡಿ ತುಂಬಿ ಕಾಲು ದಾರದಿಂದ ಕಟ್ಟಿ. ದಪ್ಪ ತಳದ ಬೋಗುಣಿಯಲ್ಲಿ ಕುಸುಬೆ ಎಣ್ಣೆ ಕಾಯಿಸಿ ಕೋಳಿಯನ್ನು ಎಲ್ಲ ಬದಿಗೂ ಕೆಂಪಗೆ ಹೊರಳಿಸಿ. ಬಳಿಕ ಗಸಗಸೆ, ಒಣಕೊಬ್ಬರಿ, ಉಳ್ಳಾಗಡ್ಡಿ ಅರೆದ ಮಸಾಲೆ ಸುರಿದು, ಮುಚ್ಚಳದ ಅಂಚನ್ನು ಗೋಧಿ ಕಣಕದಿಂದ ಬಿಗಿದು, ಸಣ್ಣ ಉರಿಯಲ್ಲಿ ಒಂದು ತಾಸು ಬಿಡಿ. ತೊಡೆ ಮೈಗೆ ಸೇರುವ ಸಂದಿಯಲ್ಲಿ ಚುಚ್ಚಿದಾಗ ರಸ ತಿಳಿಯಾಗಿ ಬಂದರೆ ಬೆಂದಂತೆ. ಕೆಂಪು ಕಂಡರೆ ಇನ್ನೂ ಬೇಯಲಿ. ಇದಕ್ಕೆ ಜವಾರಿ ಕೋಳಿ ಬೇಡ: ರುಚಿ ಬಲು ಚೆನ್ನ, ಆದರೆ ಇಡಿಯಾಗಿ ಬೇಯುವಷ್ಟರಲ್ಲಿ ಅಡುಗೆಯವರ ತಾಳ್ಮೆ ಸೀದಿರುತ್ತದೆ. ಅದನ್ನು ಸಾರಿಗೇ ಬಿಡಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ರೂಪಿಸಿದ ಗಿರಿರಾಜ ತಳಿಯ ಎಳೆಯ ಹಕ್ಕಿ ಸಿಕ್ಕರೆ ಒಳ್ಳೆಯ ನಡುದಾರಿ.

ಮಾಂಸ ತಿನ್ನದ ನೆಂಟರನ್ನು ಬರೀ ಕೇಕಿನ ಮೇಲೆ ಕೂಡಿಸಬಾರದು. ಇದಕ್ಕೆ ನಮ್ಮ ಹೊಲವೇ ಉತ್ತರ ಕೊಡುತ್ತದೆ. ಎಳ್ಳಮಾವಾಸ್ಯೆ ಕ್ರಿಸ್‌ಮಸ್‌ನ ಆಸುಪಾಸಿನಲ್ಲೇ ಬೀಳುವುದುಂಟು; 2022ರಲ್ಲಿ ಡಿಸೆಂಬರ್ 23ಕ್ಕೇ ಬಿತ್ತು. ಚರಗ ಚೆಲ್ಲಿ ಹೊಲದಲ್ಲಿ ಉಣ್ಣುವ ಆ ಹಬ್ಬದ ಭಜ್ಜಿ ಪಲ್ಯೆಗಿಂತ ದೊಡ್ಡ ಭಕ್ಷ್ಯ ಬೇಕೆ? ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಸೊಪ್ಪುಗಳೆಲ್ಲ ಕಡಲೆಹಿಟ್ಟಿನೊಂದಿಗೆ ಕುದ್ದು ಒಂದಾದ ಭಜ್ಜಿ, ಪಕ್ಕದಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಹಳ್ಳಿಯ ಕ್ರೈಸ್ತರಿಗೂ ಇವು ನೆರೆಮನೆಯ ರುಚಿಗಳೇ. ಕ್ರಿಸ್‌ಮಸ್ ಮೇಜಿನ ಮೇಲೆ ಟರ್ಕಿಗೆ ನಿಜವಾದ ಬದಲಿ ಇದೇ ಎಂದು ನನ್ನ ವಾದ. ಮುಸಲ್ಲಮ್‌ಗೆ ಎರಡನೆಯ ಸ್ಥಾನ.

ಊಟದ ಕೊನೆಗೆ ಕಮಲಾಪುರದ ಕೆಂಪು ಬಾಳೆ. ಹುಮನಾಬಾದ್ ರಸ್ತೆಯ ಆ ಊರಿನ ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಬೆಲೆ ಸ್ವಲ್ಪ ಜಾಸ್ತಿಯೇ, ಆದರೆ ತುಪ್ಪದಲ್ಲಿ ಬಾಡಿಸಿ ಬೆಲ್ಲ ಉದುರಿಸಿದರೆ ಪ್ಲಮ್ ಕೇಕ್ ಪಕ್ಕಕ್ಕೆ ಸರಿಯಬೇಕು.

ಹಬ್ಬದ ಹಿಂದಿನ ಸಂಜೆ ಕೋಳಿ ಅಂಗಡಿಗಳ ಮುಂದೆ ನೂಕುನುಗ್ಗಲು. ಇಡೀ ಕೋಳಿ ಬೇಕಿದ್ದವರು ಎರಡು ದಿನ ಮೊದಲೇ ಹೇಳಿಡಿ, ತೂಕವನ್ನೂ ತಿಳಿಸಿ.