ತಂತಿ ತಿನ್ನುವ ಕರೆಂಟು

ನೀರು ಕಾಯಿಸುವ ಕಾಯಿಲ್‌ನ ಹಿಡಿಕೆಯ ಮೇಲೆ ಸಣ್ಣಕ್ಷರದಲ್ಲಿ 230 ವೋಲ್ಟ್, 1500 ವ್ಯಾಟ್ ಎಂದು ಬರೆದಿರುತ್ತದೆ. ಅಂಗಡಿಯಲ್ಲಿ ಬೆಲೆ ನೋಡುವವರೇ ಹೆಚ್ಚು, ಇದನ್ನು ಓದುವವರು ಕಡಿಮೆ. ಹತ್ತನೇ ತರಗತಿಯ ವಿಜ್ಞಾನ ಅಷ್ಟಿಷ್ಟು ನೆನಪಿದ್ದರೆ ಈ ಎರಡು ಅಂಕಿಗಳಿಂದಲೇ ಉಳಿದದ್ದು ಹೊರಬರುತ್ತದೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಹರಿಯುವ ಕರೆಂಟು ಸಿಗುತ್ತದೆ: ಸುಮಾರು 6.5 ಆಂಪಿಯರ್. ವೋಲ್ಟನ್ನು ಆ ಆಂಪಿಯರಿನಿಂದ ಭಾಗಿಸಿದರೆ ಕಾಯಿಲ್‌ನ ರೋಧ: ಸುಮಾರು 35 ಓಮ್.

ಸಂಜೆ ಊರಿನ ದೀಪಗಳೆಲ್ಲ ಹೊತ್ತಿಕೊಂಡು ವೋಲ್ಟೇಜು 190ಕ್ಕೆ ಇಳಿಯಿತು ಎನ್ನಿ. ಕಾಯಿಲ್‌ನ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ವೋಲ್ಟೇಜಿನ ಹಿಂದೆಯೇ ಕರೆಂಟೂ ಇಳಿಯುತ್ತದೆ. ವ್ಯಾಟ್ ಎಂದರೆ ಇವೆರಡರ ಗುಣಲಬ್ಧ. ಆದ್ದರಿಂದ ವೋಲ್ಟೇಜು ಆರರಲ್ಲಿ ಒಂದು ಪಾಲು ಕುಗ್ಗಿದರೆ ಕಾವು ಮೂರರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. 1500 ವ್ಯಾಟಿನ ಕಾಯಿಲ್ 1020ರ ಆಸುಪಾಸಿಗೆ ಬಂದು ನಿಲ್ಲುತ್ತದೆ. 21 ನಿಮಿಷದಲ್ಲಿ ಕಾಯುತ್ತಿದ್ದ ಬಕೆಟ್ ನೀರು ಅರ್ಧ ಗಂಟೆ ಕಾಯಿಸುತ್ತದೆ, ನೀರನ್ನೂ ನಮ್ಮನ್ನೂ.

ಕಾಯಿಲ್ ಇಷ್ಟು ಸಾಧುವಾದರೆ ಹಳೆಯ ತಂತಿ ಬಲ್ಬು ಹಾಗಲ್ಲ. 60 ವ್ಯಾಟಿನ ಬಲ್ಬಿನ ರೋಧ ಲೆಕ್ಕದ ಪ್ರಕಾರ 880 ಓಮ್. ಆರಿದ ಬಲ್ಬಿಗೆ ಮೀಟರ್ ಹಿಡಿದು ನೋಡಿ, ಅದರ ಹತ್ತರಲ್ಲೊಂದು ಪಾಲೂ ತೋರಿಸುವುದಿಲ್ಲ. ಲೆಕ್ಕವೂ ಸರಿ, ಮೀಟರೂ ಸರಿ. ಟಂಗ್‌ಸ್ಟನ್ ತಂತಿ ಬೆಳ್ಳಗೆ ಕಾದಾಗ ಅದರ ರೋಧ ಹತ್ತು ಪಟ್ಟಿಗೂ ಮೀರಿ ಏರುತ್ತದೆ. ಬಲ್ಬುಗಳು ಸಾಮಾನ್ಯವಾಗಿ ಸ್ವಿಚ್ ಒತ್ತಿದ ಕ್ಷಣದಲ್ಲೇ ಸುಟ್ಟುಹೋಗುತ್ತಿದ್ದುದು ಇದರಿಂದ: ತಣ್ಣಗಿನ ತಂತಿಯಲ್ಲಿ ಒಮ್ಮೆಗೇ ನುಗ್ಗುವ ಕರೆಂಟು.

ಜರ್ಮನಿಯ ಶಾಲಾ ಮೇಷ್ಟ್ರು ಗೇಯಾರ್ಗ್ ಓಮ್‌ಗೂ ಸ್ಥಿರವಾಗಿ ನಿಲ್ಲದ ವಸ್ತುಗಳದ್ದೇ ಕಾಟ. ಅಂದಿನ ಬ್ಯಾಟರಿಗಳ ವೋಲ್ಟೇಜು ಅಳೆಯುತ್ತಿರುವಾಗಲೇ ಕುಸಿಯುತ್ತಿತ್ತು. ಆತ ಬಿಸ್ಮತ್ ಮತ್ತು ತಾಮ್ರವನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟ. ಕದಲದ ವೋಲ್ಟೇಜು ಸಿಕ್ಕ ಮೇಲೆ ವೋಲ್ಟೇಜು, ಕರೆಂಟು, ರೋಧಗಳನ್ನು ಬೆಸೆಯುವ ನಿಯಮವೂ ಕಂಡಿತು. 1827ರಲ್ಲಿ ಪುಸ್ತಕವಾಯಿತು. ಕಾವು ಕರೆಂಟಿನ ವರ್ಗದಷ್ಟು ಏರುತ್ತದೆ ಎಂದು ವಿಜ್ಞಾನಿ ಜೂಲ್ ತೋರಿಸಿದ್ದು 1840ರ ಸುಮಾರಿಗೆ. ನನ್ನ ಮಟ್ಟಿಗೆ ದಿನಬಳಕೆಯಲ್ಲಿ ಓಮ್‌ಗಿಂತ ಜೂಲ್‌ನ ಮಾತೇ ಹೆಚ್ಚು ಬೆಲೆಯದ್ದು. ಏಕೆಂದರೆ ಪಠ್ಯಪುಸ್ತಕದ ಚಿತ್ರಗಳಲ್ಲಿ ಬರೀ ಗೆರೆಯಾಗಿರುವ ತಂತಿಗೂ ರೋಧವಿದೆ, ಅದೂ ತನ್ನ ಪಾಲು ತಿನ್ನುತ್ತದೆ.

ಎಷ್ಟು ತಿನ್ನುತ್ತದೆ? 20 ಮೀಟರಿನ ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ಹೋಗಿಬರುವ ದಾರಿ ಸೇರಿ ಸುಮಾರು 1 ಓಮ್. ಅದರ ಮೂಲಕ ಕಾಯಿಲ್ ಹಾಕಿದರೆ 40 ವ್ಯಾಟ್ ವೈರಿನಲ್ಲೇ ಕಾವಾಗಿ ಹೋಗುತ್ತದೆ. ಬಿಡಿಸಿ ಹರಡಿದ್ದರೆ ತಿಳಿಯುವುದೇ ಇಲ್ಲ. ಸುರುಳಿ ಸುತ್ತಿಟ್ಟಿದ್ದರೆ ಕವಚ ಮೆತ್ತಗಾಗುತ್ತದೆ.

ಇದೇ ಲೆಕ್ಕವನ್ನು ದೊಡ್ಡದಾಗಿ ಮಾಡಬೇಕಾಗಿ ಬಂದದ್ದು ಮೈಸೂರು ಸಂಸ್ಥಾನಕ್ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಕೈಗೆತ್ತಿಕೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೊರಟಿತು. ದೂರ ಸುಮಾರು 147 ಕಿಲೋಮೀಟರ್, ಬೇಡಿಕೆ 4,000 ಅಶ್ವಶಕ್ತಿ, ಅಂದರೆ ಹತ್ತಿರ ಹತ್ತಿರ 30 ಲಕ್ಷ ವ್ಯಾಟ್. ತ್ರೀ ಫೇಸಿನ ತೊಡಕನ್ನು ಬದಿಗಿಟ್ಟು ಭಾಗಿಸಿ ನೋಡಿ. 230 ವೋಲ್ಟಿನಲ್ಲಿ ಕಳಿಸುವುದಾದರೆ 13,000 ಆಂಪಿಯರ್ ಬೇಕು. ಅಷ್ಟನ್ನು ತಡೆದುಕೊಳ್ಳುವ ತಾಮ್ರವನ್ನು ಕಂಬದ ಮೇಲೆ ನಿಲ್ಲಿಸುವುದೇ ಆಗದು. 30,000 ವೋಲ್ಟಿನ ಮಟ್ಟಕ್ಕೆ ಏರಿಸಿದರೆ 100 ಆಂಪಿಯರ್ ಸಾಕು. ಕರೆಂಟು 130 ಪಟ್ಟು ಇಳಿದರೆ, ಅದೇ ತಂತಿಯಲ್ಲಿ ನಷ್ಟ ಸುಮಾರು 17,000 ಪಟ್ಟು ಇಳಿಯುತ್ತದೆ. ಬೆಂಗಳೂರಿನ ಬೀದಿದೀಪಗಳು 1905ರಲ್ಲಿ ಹೊತ್ತಿದ್ದೂ ಅದೇ ಶಿವನಸಮುದ್ರದ ವಿದ್ಯುತ್ತಿನಿಂದ.

ಇಲ್ಲಿ ಚುರುಕಾದ ಹುಡುಗರು ಒಂದು ತಕರಾರು ತೆಗೆಯುವುದುಂಟು. ವ್ಯಾಟ್ ಎಂದರೆ ವೋಲ್ಟಿನ ವರ್ಗವನ್ನು ರೋಧದಿಂದ ಭಾಗಿಸಿದ್ದು ಎಂಬ ಸೂತ್ರವೂ ಇದೆಯಲ್ಲ, ಹಾಗಾದರೆ ವೋಲ್ಟೇಜು ಏರಿಸಿದಷ್ಟೂ ನಷ್ಟ ಏರಬೇಕಲ್ಲ? ಸೂತ್ರ ಸರಿ, ಅದಕ್ಕೆ ಹಾಕಿದ ಅಂಕಿ ತಪ್ಪು. ತಂತಿಯ ನಷ್ಟ ಕಂಡುಹಿಡಿಯಲು ತಂತಿಯ ಆ ತುದಿಯಿಂದ ಈ ತುದಿಗೆ ಎಷ್ಟು ವೋಲ್ಟ್ ಇಳಿದಿದೆಯೋ ಅದನ್ನಷ್ಟೇ ಹಾಕಬೇಕು. 30,000 ಎಂಬುದು ತಂತಿಗೂ ತಂತಿಗೂ ನಡುವಿನ ವ್ಯತ್ಯಾಸ. ಅದು ದುಡಿಯುವುದು ಗಣಿಯಲ್ಲಿ. ಯಾವ ವೋಲ್ಟು ಯಾವ ಎರಡು ಬಿಂದುಗಳ ನಡುವಿನದು ಎಂದು ಕೇಳದೆ ಸೂತ್ರಕ್ಕೆ ಅಂಕಿ ತುಂಬುವುದೇ ಈ ಪಾಠದಲ್ಲಿ ಆಗುವ ಮುಖ್ಯ ಎಡವಟ್ಟು.

ಲೈನಿನ ಕೊನೆಯಲ್ಲಿರುವ ತೋಟದ ಪಂಪ್‌ಸೆಟ್ಟಿಗೆ ಬಂದರೆ ಕಾಯಿಲ್‌ನ ನ್ಯಾಯ ತಲೆಕೆಳಗಾಗುತ್ತದೆ. ಅಲ್ಲಿ ವೋಲ್ಟೇಜು ಇಳಿದರೆ ಕರೆಂಟು ಏರುತ್ತದೆ. ಮೋಟರಿನ ಸುರುಳಿಯ ರೋಧ ಕೆಲವೇ ಓಮ್. ವೋಲ್ಟೇಜನ್ನು ಅದರಿಂದ ಭಾಗಿಸಿದರೆ ನೂರರ ಆಸುಪಾಸಿನ ಆಂಪಿಯರ್ ಬಂದು ಗಾಬರಿಯಾಗುತ್ತದೆ. ನಿಜದಲ್ಲಿ ಹಾಗೆ ಹರಿಯದಿರುವುದು ಮೋಟರ್ ತಿರುಗುತ್ತಿರುವುದರಿಂದ: ತಿರುಗುವಾಗ ಅದು ತಾನೇ ಎದುರು ವೋಲ್ಟೇಜು ಹುಟ್ಟಿಸಿ ಕರೆಂಟನ್ನು ತಡೆದಿರುತ್ತದೆ. ಎತ್ತಬೇಕಾದ ನೀರು ಮಾತ್ರ ಅಷ್ಟೇ. ಒಳಬರುವ ವೋಲ್ಟೇಜು ಕುಗ್ಗಿದಾಗ ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆಯಬೇಕು. 7.5 ಆಂಪಿಯರ್ ಎಳೆಯುತ್ತಿದ್ದ ಮೋಟರ್ 9.5ಕ್ಕೆ ಏರಿದರೆ ಸುರುಳಿಯ ಕಾವು ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಒಂದು ಟ್ರಾನ್ಸ್‌ಫಾರ್ಮರಿಗೆ ಹತ್ತಾರು ಮೋಟರ್ ಕಟ್ಟಿದ ಕಡೆ ಹೀಗೆ ಪ್ರತಿಯೊಂದೂ ಹೆಚ್ಚು ಎಳೆದು, ಲೈನಿನಲ್ಲಿ ವೋಲ್ಟೇಜು ಇನ್ನಷ್ಟು ಇಳಿದು, ರಿವೈಂಡಿಂಗ್ ಅಂಗಡಿಗೆ ಬಿಡುವಿಲ್ಲ.

ಎಲ್ಲಿ ನಷ್ಟವಾಗುತ್ತಿದೆ ಎಂದು ಹುಡುಕಲು ಅನುಭವಿ ಎಲೆಕ್ಟ್ರಿಷಿಯನ್ ಮೋಟರ್ ನಿಂತಿರುವಾಗಿನ ವೋಲ್ಟೇಜನ್ನು ನೆಚ್ಚುವುದಿಲ್ಲ. ಕರೆಂಟೇ ಹರಿಯದಾಗ ಎಂಥ ಕೆಟ್ಟ ತಂತಿಯೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಸಿಂಗಲ್ ಫೇಸ್ ಮೋಟರೊಂದು ನಿಂತಾಗ 230, ಓಡುವಾಗ 10 ಆಂಪಿಯರ್ ಎಳೆದು 205 ತೋರಿಸಿದರೆ, ಕಳೆದುಹೋದ 25 ವೋಲ್ಟನ್ನು 10ರಿಂದ ಭಾಗಿಸಿದಾಗ ದಾರಿಯ ರೋಧ ಅಂದಾಜು 2.5 ಓಮ್, ದಾರಿಯಲ್ಲೇ ಆರಿಹೋದದ್ದು 250 ವ್ಯಾಟ್. ಆಮೇಲೆ ಆತ ಒಂದೊಂದೇ ಜಾಯಿಂಟಿನ ಎರಡೂ ಬದಿಗೆ ಮೀಟರ್ ಹಿಡಿಯುತ್ತ ಹೋಗುತ್ತಾನೆ. ಸರಿಯಾದ ಜಾಯಿಂಟು ಸೊನ್ನೆಯ ಹತ್ತಿರ ತೋರಿಸುತ್ತದೆ. ಸಡಿಲವಾದದ್ದು 3 ವೋಲ್ಟ್ ತೋರಿಸಿತೆಂದರೆ, 10 ಆಂಪಿಯರಿನಲ್ಲಿ 30 ವ್ಯಾಟ್ ಆ ಒಂದು ಸ್ಕ್ರೂ ಕೆಳಗೆ ಕಾಯುತ್ತಿದೆ. ಅಲ್ಲಿ ಮೇನ್ ಆಫ್ ಮಾಡಿ, ತುಕ್ಕು ಕೆರೆದು, ಬಿಗಿ ಮಾಡುತ್ತಾನೆ.