ಮನೆಯ ಸಾಬಾಣ: ಅಂದಾಜು ಸಾಲದು, ಕಾಟಾ ಬೇಕು

ಜೋಳ, ಕುಸುಬಿ ಮನೆ ಸೇರಿದ ಮೇಲೆ ಮಳೆ ಬೀಳುವ ತನಕ ನಮ್ಮ ಹುಲಜಂತಿ ಸೀಮೆಯಲ್ಲಿ ಹೊಲದ ಕೆಲಸ ಕಡಿಮೆ. ಆ ಬಿಡುವಿನಲ್ಲಿ ಮನೆಮಂದಿ ಕೂಡಿ ಮಾಡಬಹುದಾದ ಕಸುಬು ಯಾವುದೆಂದು ಹಲವರು ಕೇಳುವುದುಂಟು. ನಾವು ಎರಡು ವರ್ಷಗಳಿಂದ ಮನೆಯಲ್ಲಿ ಸಾಬಾಣ ಮಾಡುತ್ತಿದ್ದೇವೆ. ಕಲಿತದ್ದನ್ನೂ ಕೆಡಿಸಿದ್ದನ್ನೂ ಇಲ್ಲಿ ಹೇಳುತ್ತೇವೆ.

ಹಿಂದೆ ಅಗಸರು ಸವಳು ಮಣ್ಣಿನಿಂದ ಅರಿವೆ ಒಗೆಯುತ್ತಿದ್ದರು. ಅದರೊಳಗಿನ ಕ್ಷಾರವೇ ಕೊಳೆ ಬಿಡಿಸುತ್ತಿತ್ತು. ಎಣ್ಣೆಗೆ ಇನ್ನೂ ಪ್ರಬಲವಾದ ಕ್ಷಾರ, ಅಂದರೆ ಕಾಸ್ಟಿಕ್ ಸೋಡಾ, ಕೂಡಿದರೆ ಸಾಬಾಣವಾಗುತ್ತದೆ. 1914ರ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನವು ತಾನೇ ಗಂಧದೆಣ್ಣೆ ತೆಗೆಯಿತು. 1918ರಲ್ಲಿ ಬೆಂಗಳೂರಿನಲ್ಲಿ ಗಂಧದ ಸಾಬೂನು ಹೊರಬಂದಿತು. ಆ ದೊಡ್ಡ ಕಾರ್ಖಾನೆಯ ಮೂಲತತ್ವವೂ ಇದೇ.

ನಾವು ಮೊದಲು ಮಾಡಿದ ತಪ್ಪು ಕೇಳಿರಿ. ಗಾಣದ ಕುಸುಬಿ ಎಣ್ಣೆ ಮನೆಯಲ್ಲೇ ಇತ್ತು. ಸೋಡಾವನ್ನು ಬಟ್ಟಲಿನಿಂದ ಅಳೆದೆವು. ಸಾಬಾಣ ಮೆತ್ತಗಾಯಿತು. ಆದರೂ ಹುರುಪಿನಿಂದ ವಾರದೊಳಗೆ ಓಣಿಯವರಿಗೆಲ್ಲ ಹಂಚಿದೆವು. ನೆರೆಮನೆಯ ಅಜ್ಜಿಯ ಕೈ ಉರಿದು ಕೆಂಪಾಯಿತು. ಉಳಿದ ತುಂಡುಗಳ ಮೇಲೆ ಎರಡು ತಿಂಗಳಲ್ಲಿ ಹಳದಿ ಕಲೆ ಬಿದ್ದು ಕಮಟು ನಾತ ಹಿಡಿಯಿತು. ಮಕ್ಕಳಿಗೆ ತೂಕದ ಲೆಕ್ಕ ಕಲಿಸುವ ಮಾಸ್ತರನೇ ಅಂದಾಜಿಗೆ ಬಿದ್ದದ್ದು ನಾಚಿಕೆಯ ಮಾತು.

ಪ್ರತಿ ಎಣ್ಣೆಗೂ ಬೇಕಾಗುವ ಸೋಡಾ ಬೇರೆ. 100 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 18 ಗ್ರಾಂ ಬೇಕಾದರೆ ಕುಸುಬಿಗೆ 14ರಷ್ಟೂ ಬೇಡ. ಸೋಡಾ ಹೆಚ್ಚಾದರೆ ಚರ್ಮ ಸುಡುತ್ತದೆ. ಬರೀ ಕುಸುಬಿಯಾದರೆ ಸಾಬಾಣ ಮೆತ್ತಗಾಗಿ ಬೇಗ ಕೆಡುತ್ತದೆ. ಆದುದರಿಂದ ಈಗ ನಾವು ಹಾಕುವ ಪ್ರಮಾಣ ಇದು: ಕೊಬ್ಬರಿ ಎಣ್ಣೆ 500 ಗ್ರಾಂ, ಕುಸುಬಿ ಎಣ್ಣೆ 400 ಗ್ರಾಂ, ಔಡಲ ಎಣ್ಣೆ 100 ಗ್ರಾಂ, ಶುದ್ಧ ಕಾಸ್ಟಿಕ್ ಸೋಡಾ 150 ಗ್ರಾಂ, ನೀರು 320 ಗ್ರಾಂ. ಎಲ್ಲವನ್ನೂ, ನೀರನ್ನು ಸಹ, ಗ್ರಾಂ ತೋರಿಸುವ ಕಾಟಾದಲ್ಲಿ ತೂಗತಕ್ಕದ್ದು. ಎಣ್ಣೆ ಬದಲಿಸಿದರೆ ಸೋಡಾದ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಬೋರಿನ ನೀರು ಗಡುಸಾದ್ದರಿಂದ ಶೋಧಿಸಿದ ಮಳೆನೀರು ಉತ್ತಮ.

ಕೆಲಸ ಬಯಲುಗಾಳಿಯಲ್ಲಿ ನಡೆಯಲಿ. ಕೈಗೆ ರಬ್ಬರಿನ ಚೀಲ, ಕಣ್ಣಿಗೆ ಕನ್ನಡಕ ಇರಲಿ. ಚಿಕ್ಕ ಮಕ್ಕಳು ಹತ್ತಿರ ಸುಳಿಯಕೂಡದು. ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಪಾತ್ರೆ ಸ್ಟೀಲಿನದಿರಲಿ. ಜರ್ಮನ್ ಪಾತ್ರೆಯನ್ನು ಸೋಡಾ ತಿಂದುಹಾಕುತ್ತದೆ. ಮೈಗೆ ಸಿಡಿದರೆ ಕೂಡಲೆ ಧಾರಾಳ ನೀರಿನಿಂದ ತೊಳೆಯಿರಿ. ಕಣ್ಣಿಗೆ ಸಿಡಿದರೆ ಕಾಲು ತಾಸಿಗೆ ಕಡಿಮೆಯಿಲ್ಲದಂತೆ ತೊಳೆದು ದವಾಖಾನೆಗೆ ಓಡಿರಿ.

ಸೋಡಾ ನೀರು ಉಗುರುಬೆಚ್ಚಗಾದ ಮೇಲೆ ಎಣ್ಣೆಗೆ ಹೊಯ್ದು, ಅಂಬಲಿಯಂತೆ ಗಟ್ಟಿಯಾಗುವ ತನಕ ತಿರುವಿ, ಕಾಗದ ಹಾಸಿದ ಕಟ್ಟಿಗೆಯ ಪೆಟ್ಟಿಗೆಗೆ ಸುರಿಯಬೇಕು. ಒಂದೆರಡು ದಿನಕ್ಕೆ ಕೊಯ್ದು, ನೆರಳಿನಲ್ಲಿ ನಾಲ್ಕರಿಂದ ಆರು ವಾರ ಒಣಗಿಸಬೇಕು. ಆರುವ ಮುಂಚೆ ಯಾರ ಕೈಗೂ ಕೊಡಕೂಡದು.

ಇನ್ನು ವ್ಯಾಪಾರದ ಮಾತು. ದೀಪಾವಳಿಯ ಅಮಾವಾಸ್ಯೆಗೆ ಮಹಾಲಿಂಗರಾಯನ ಜಾತ್ರೆಗೆ ಎರಡೂ ರಾಜ್ಯಗಳ ಜನ ನಮ್ಮೂರಿಗೆ ಬರುತ್ತಾರೆ. ಕಳೆದ ಜಾತ್ರೆಗೆ ಅಂಗಡಿ ಹಾಕೋಣವೆಂದು ಮಗಳು ಹಟ ಹಿಡಿದಳು. ಗಣೇಶ ಚೌತಿಗೆ ಮಾಡಿದ ಸಾಬಾಣ ಚೆನ್ನಾಗಿ ಆರಿಯೂ ಇತ್ತು. ಆದರೂ ನಾವು ಒಪ್ಪಲಿಲ್ಲ. ಆಕೆ ಎರಡು ದಿನ ಮಾತು ಬಿಟ್ಟಳು. ಮೈಗೆ ಹಚ್ಚುವ ಸಾಬಾಣವನ್ನು ಮಾರಾಟಕ್ಕಾಗಿ ತಯಾರಿಸಲು 1940ರ ಕಾಯದೆ ಹಾಗೂ 2020ರ ಸೌಂದರ್ಯ ಸಾಧನಗಳ ನಿಯಮಗಳಂತೆ ರಾಜ್ಯದ ಪರವಾನಗಿ ಬೇಕು. ಅದಕ್ಕೆ ತಕ್ಕ ಜಾಗವೂ ತಿಳಿದ ಮೇಲ್ವಿಚಾರಕರೂ ಇರಬೇಕು. ಒಂದು ಮನೆಗೆ ಇದು ಭಾರವಾದೀತು; ಬಚತ ಗಟದ ಹೆಣ್ಣುಮಕ್ಕಳು ಕೂಡಿದರೆ ಹಗುರಾದೀತು. ಖಾದಿ ಗ್ರಾಮೋದ್ಯೋಗ ಕಚೇರಿಯಲ್ಲಿ ವಿಚಾರಿಸಿರಿ. ಅರ್ಜಿ ಮರಾಠಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಓದಬಲ್ಲ ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ತುಂಬಿರಿ.

ಖರ್ಚಿನ ವಹಿಯಲ್ಲಿ ಮನೆಯ ಎಣ್ಣೆಯನ್ನು ಪುಕ್ಕಟೆ ಎಂದು ಬರೆಯಬೇಡಿರಿ. ಪೇಟೆಯ ಧಾರಣೆ ಹಚ್ಚಿರಿ. ಮನೆಯವರ ದುಡಿಮೆಯನ್ನೂ, ಕೆಟ್ಟ ಮಾಲನ್ನೂ ಹಿಡಿಯಿರಿ. ಕಂಪನಿಯ ಸಾಬೂನಿನ ಅಗ್ಗಕ್ಕೆ ನಾವು ನಿಲ್ಲಲಾರೆವು. ನಂಬಿಕೆಯ ಮಾಲಿಗೆ ನಿಲ್ಲಬಲ್ಲೆವು. ಮೊದಲು ಒಂದು ವರ್ಷ ಮನೆಗಾಗಿಯೇ ಮಾಡಿ ಕೈ ಪಳಗಿಸಿರಿ. ಅಜ್ಜಿ ಈಗ ನಮ್ಮ ಸಾಬಾಣವನ್ನು ತಾನಾಗಿ ಕೇಳಿ ಒಯ್ಯುತ್ತಾಳೆ. ನಮಗೆ ದೊರೆತ ಮೊದಲ ಲಾಭ ಅದು.