ಹಡಗಿನ ಹಿಂದೆ ಹುಸಿ ಎರೆ

ಜೋಯಿಡಾದ ಕಾಡುಗಳಿಂದ ಇಳಿದು ಬರುವ ಕಾಳೀ ನದಿಯು ದಾಂಡೇಲಿಯನ್ನು ಹಾದು ಕಾರವಾರದ ಬಳಿ ಕಡಲನ್ನು ಸೇರುತ್ತದೆ. ಹೊಳೆಯ ಸೆಳವಿನಲ್ಲಿ ಚಮಚದಾಕಾರದ ಹೊಳಪು ತಗಡೊಂದನ್ನು ದಾರಕ್ಕೆ ಕಟ್ಟಿ ಹಿಡಿದರೆ ನೀರೇ ಅದನ್ನು ಕುಣಿಸುವುದು. ಮಹಶೀರ್ ಮೀನು ಅದನ್ನು ಮರಿಮೀನೆಂದು ಭ್ರಮಿಸಿ ಮೇಲೆರಗುವುದು. ಎಚ್. ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿಯು 1873ರ ತನ್ನ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥದಲ್ಲಿ ಮಹಶೀರಿನ ಬೇಟೆಯನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. (ಕಾಳೀ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇಂದು ಗಾಳ ಹಾಕಕೂಡದೆಂಬುದನ್ನು ಶ್ರೋತೃಗಳು ಮರೆಯಬಾರದು.) ಕಡಲಿನಲ್ಲಾದರೋ ನೀರು ನಿಂತಿದ್ದು ಹಡಗು ಓಡುತ್ತದೆ, ತತ್ತ್ವವು ಒಂದೇ.

ನಾವಿಕರು ಈ ಹುಸಿ ಎರೆಯನ್ನು ತಾವೇ ಕಟ್ಟಿಕೊಳ್ಳುವುದುಂಟು. ಗಾಳದ ಕಾಲಿಗೆ ಬಿಳಿಯ ಕೋಳಿಗರಿಯನ್ನೋ, ಎಳೆ ಬಿಚ್ಚಿದ ಹಗ್ಗದ ತುಂಡನ್ನೋ ಬಿಗಿದು, ಮುಂಭಾಗಕ್ಕೆ ಸೀಸದ ಗುಂಡನ್ನು ಪೋಣಿಸಿದರೆ ಆಯಿತು. ಬಣ್ಣದ ವಿಷಯದಲ್ಲಿ ವಾದಗಳು ಬಹಳ. ನಮಗೆ ಅವುಗಳಲ್ಲಿ ಅಷ್ಟು ನಂಬಿಕೆಯಿಲ್ಲ. ವೇಗವೇ ಮುಖ್ಯ. ದೊಡ್ಡ ಹಡಗು 12 ನಾಟ್, ಎಂದರೆ ಗಂಟೆಗೆ ಸುಮಾರು 22 ಕಿಲೋಮೀಟರಿನಂತೆ ಓಡುವಾಗ ಹೊಳೆಯ ಅಗಲ ತಗಡು ಗಿರ್ರನೆ ಸುತ್ತಿ ನೀರಿನಿಂದ ಮೇಲಕ್ಕೆ ನೆಗೆಯುತ್ತದೆ. ಆದ್ದರಿಂದ ಎರೆಯು ಸಪೂರವಾಗಿಯೂ ತೂಕವಾಗಿಯೂ ಇರಬೇಕು. ಅಂಜಲ್ ಮೀನಿನ ಹಲ್ಲು ದಾರವನ್ನು ಕತ್ತರಿಸುವುದರಿಂದ ಗಾಳದ ಬಳಿ ಉಕ್ಕಿನ ತಂತಿಯು ಅವಶ್ಯಕ.

ವೇಗವು ಇಮ್ಮಡಿಯಾದರೆ ನೀರಿನ ಎಳೆತವು ಸುಮಾರು ನಾಲ್ಮಡಿಯಾಗುತ್ತದೆ. ಮೀನು ಕಚ್ಚಿದಾಗಿನ ಜಗ್ಗನ್ನು ತಾಳಲು ಹಡಗಿನ ಕಟಾಂಜನಕ್ಕೂ ದಾರಕ್ಕೂ ನಡುವೆ ಸೈಕಲ್ಲಿನ ಹಳೆಯ ರಬ್ಬರು ಕೊಳವೆಯನ್ನು ಕಟ್ಟುವ ಉಪಾಯವು ಮೆಚ್ಚತಕ್ಕದ್ದು. ದಾರವನ್ನು ಕೈಗೆ ಸುತ್ತಿಕೊಂಡವನ ಬೆರಳು ಉಳಿಯುವುದು ಕಷ್ಟ. ಹಡಗು ಹಿಂದಕ್ಕೆ ಸರಿಯುವ ಮುನ್ನ ದಾರವನ್ನು ಪೂರ್ತಿಯಾಗಿ ಎಳೆದುಕೊಳ್ಳತಕ್ಕದ್ದು; ಇಲ್ಲದಿದ್ದರೆ ಅದು ಹಡಗಿನ ಚಾಲಕಚಕ್ರಕ್ಕೆ ಸುತ್ತಿಕೊಂಡೀತು.